ಬಲಗಡೆಯ ಹೂವಿಗೆ ಬೆಲ್ಲ ಮೆತ್ತಿದವಳು

ಅಣ್ಣಾ, ಅಂದು ದೇವಿ ನಿನಗೆ ಹೈದರಾಬಾದು ಹೇಳಲಿಲ್ಲ. ನಾನು ಹೇಳಿಸಿದೆ. ಬಲಗಡೆಯ ಹೂವಿಗೆ ಬೆಲ್ಲ ಮೆತ್ತಿದವಳು ನಾನು.

ಎರಡನೆಯ ಇಯತ್ತೆಗೆ ಸಾಲೆ ಬಿಟ್ಟವಳಿಗೆ ಸುತ್ತಿ ಬಳಸಿ ಬರೆಯಲು ಬಾರದು. ಇದ್ದದ್ದು ಬರೆಯುತ್ತೇನೆ.

ನಲವತ್ತೇಳರ ಬೇಸಿಗೆ. ನನ್ನನ್ನು ಹುಮನಾಬಾದಿಗೆ ಕೊಟ್ಟು ಒಂದೂವರೆ ವರ್ಷವಾಗಿತ್ತು. ತವರು ಬಸವಕಲ್ಯಾಣದಿಂದ ಒಬ್ಬರೂ ಬಂದು ಹೋಗಿರಲಿಲ್ಲ. ಅತ್ತೆ ರೊಟ್ಟಿ ಬಡಿಯುತ್ತಲೇ ಚುಚ್ಚುತ್ತಿದ್ದಳು: "ನಿನ್ನ ತವರಿನ ನಾಯಿ ಸೈತ ಈ ಕಡೆ ಹಾಯಂಗಿಲ್ಲಲ್ಲ." ಹದಿನೈದರ ಹುಡುಗಿಗೆ ಆ ಮಾತು — ಇರಲಿ, ಅದು ನೆವವಾಗುತ್ತದೆ.

ಅವ್ವನಿಗೆ ಜ್ವರವೆಂದು ನಾನು ತವರಿಗೆ ಬಂದಾಗ ನೀನೂ ಅಪ್ಪನೂ ಮೂರು ದಿನದಿಂದ ಒಟ್ಟಿಗೆ ಊಟಕ್ಕೆ ಕೂತಿರಲಿಲ್ಲ. ಮುಂದೆ ಎಂ.ಎಸ್ಸಿ. ಮಾಡಬೇಕಾದರೆ ಬಿ.ಎಸ್ಸಿ. ಇಂಗ್ಲಿಷಿನಲ್ಲೇ ಆಗಬೇಕು, ಮುಂಬೈಯ ವಿಶ್ವವಿದ್ಯಾಲಯವೇ ಬೇಕು ಎಂದು ನೀನು. ಕಲಿತ ಉರ್ದು ಬಿಟ್ಟು ಅಷ್ಟು ದೂರ ಯಾಕೆ, ಹೈದರಾಬಾದಿನದು ಸಾಲದೇ ಎಂದು ಅಪ್ಪ. ಕೊನೆಗೆ ದೇವರ ಜಗಲಿಯ ಅಂಬಾಭವಾನಿಗೆ ಪ್ರಸಾದ ಕೇಳುವುದೆಂದಾಯಿತು. ಮೂರ್ತಿಯ ಬಲಗಡೆಯ ಹೂ ಮೊದಲು ಬಿದ್ದರೆ ಮುಂಬೈ, ಎಡಗಡೆಯದು ಬಿದ್ದರೆ ಹೈದರಾಬಾದು.

ಅವ್ವ ಎದ್ದಿರಲಿಲ್ಲ. ಮೂರ್ತಿ ತೊಳೆದು ಹೂ ಅಂಟಿಸುವ ಕೆಲಸ ನನಗೆ ಬಂತು. ಬರಿ ನೀರಿನಲ್ಲಿ ಅಂಟಿಸಬೇಕು. ನಾನು — ಹೈದರಾಬಾದಿನ ಮೋಟಾರು ಹುಮನಾಬಾದಿನಲ್ಲಿ ನಿಲ್ಲುತ್ತದೆ, ಅಣ್ಣ ಇಳಿದು ಬರುತ್ತಾನೆ, ಅತ್ತೆ ನೋಡುತ್ತಾಳೆ. ಇಷ್ಟೇ ತಲೆಯಲ್ಲಿದ್ದದ್ದು. ಮುಂಬೈಯ ಹಾದಿ ಇನ್ನೊಂದು ಕಡೆ, ಅದರಲ್ಲಿ ಹುಮನಾಬಾದು ಸಿಗದು.

ಅಪ್ಪ ಊದಿನಕಡ್ಡಿ ಹಚ್ಚುವುದರೊಳಗೆ ಎಡಗಡೆಯ ಕಣಗಿಲೆ ಬಿತ್ತು.

"ತಾಯಿ ಹೇಳಿಬಿಟ್ಟಾಳ. ಹೈದರಾಬಾದಿಗೆ ಹೋಗು."

"ಆತ್ರಿ ಅಪ್ಪಾ."

ಮುಂಬೈಯ ಅರ್ಜಿಯನ್ನು ನೀನೇ ಮಡಿಚಿ ಒಲೆಗೆ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಉಳಿದ ಹೂವಿಗೆ ಇರುವೆ ಮುತ್ತಿದವು. ಅವ್ವ ಗೋಡೆ ಹಿಡಿದು ಎದ್ದು ಬಂದು, ಸೆರಗಿನಿಂದ ಮೂರ್ತಿಯ ಭುಜ ಒರೆಸಿ, ನನ್ನನ್ನು ನೋಡಿದಳು. ಸಾಯುವವರೆಗೆ ಅದನ್ನು ಯಾರಿಗೂ ಹೇಳಲಿಲ್ಲ.

ಮರುವರ್ಷ ಗಲಾಟೆ, ನಿಜಾಮರ ರಾಜ್ಯ ಹೋಯಿತು, ಪಾಠ ನಡುನೀರಿನಲ್ಲಿ ಉರ್ದುವಿನಿಂದ ಇಂಗ್ಲಿಷಿಗೆ ತಿರುಗಿತು. ನೀನು ಎರಡು ಸಲ ನಪಾಸಾದೆ. ಐವತ್ತರಲ್ಲಿ ಟ್ರಂಕು ಹೊತ್ತು ನಮ್ಮ ಮನೆಗೆ ಇಳಿದು ಬಂದೆ. ನಾನು ಬಡಿಸುತ್ತಿದ್ದೆ. ನೀನು ತಲೆ ಎತ್ತದೆ ಅಂದೆ: "ದೇವಿ ಖರೇನೇ ಹೇಳಿದ್ಳು, ತಂಗೆವ್ವಾ. ನನ್ನ ತಲಿನೇ ಸಾಲಲಿಲ್ಲ."

ಆಗ ಹೇಳಬೇಕಿತ್ತು. ಇನ್ನೊಂದು ಸೌಟು ಬ್ಯಾಳಿ ಹಾಕಿದೆ.

ಮುಂದೆ ಕಚೇರಿಯಲ್ಲಿ ಬೇರೆಯವರ ಕಾಗದ ನಕಲು ಮಾಡುತ್ತ ನಿನ್ನ ನೌಕರಿ ಮುಗಿಯಿತು. ನೀನು ಎಂದೂ ದೇವಿಯನ್ನು ಬೈಯಲಿಲ್ಲ, ಅಪ್ಪನನ್ನೂ ಬೈಯಲಿಲ್ಲ. ನಿನ್ನನ್ನೇ ಬೈದುಕೊಂಡೆ. ಮೊನ್ನೆ ನಿನ್ನ ಮೊಮ್ಮಗಳ ಕಾಲೇಜಿನ ಮಾತು ಬಂದಾಗಲೂ, ನನ್ನಂಥ ದಡ್ಡನನ್ನು ಕೇಳಬೇಡಿ ಎಂದು ಎದ್ದು ಹೋದೆಯಂತೆ. ಅದನ್ನು ಕೇಳಿದ ದಿನವೇ ಈ ಕಾಗದ ಬರೆಯಲು ಕೂತೆ.

ಸೋಮವಾರ ಬರುತ್ತೇನೆ. ಇದನ್ನು ನಿನ್ನ ಮಕ್ಕಳು ಮೊಮ್ಮಕ್ಕಳ ಮುಂದೆ ಓದುತ್ತೇನೆ. ಬಾಗಿಲು ತೋರಿಸಿದರೆ ಹೊರಡುತ್ತೇನೆ. ಆದರೆ ನಿನ್ನ ತಲೆಯಲ್ಲಿ ಏನೂ ಕಡಿಮೆ ಇರಲಿಲ್ಲ ಎಂಬುದನ್ನು ಅವರಿಗೆ ಹೇಳಿಯೇ ಹೊರಡುತ್ತೇನೆ.