ಹಡಗಿನ ಕುದುರೆಗೆ ಹಚ್ಚಿದ ದೀಪ

ಬಸ್ಸು ಕುಣಿಗಲ್ ದಾಟಿದೆ. ಸ್ವಲ್ಪ ಹೊತ್ತಿನ ಮುಂಚೆ ಅದು ನಿಂತಿದ್ದ ಹೆದ್ದಾರಿಯ ಟೀ ಅಂಗಡಿಯಲ್ಲಿ ಮರದ ಲಾಂಛನವೊಂದಿತ್ತು: ಅಲೆಗಳಿಂದ ಮೇಲೇಳುವ ಕುದುರೆ, ಸುತ್ತ ಹಗ್ಗದ ಅಂಚು, ಮುಂದೆ ಎಣ್ಣೆದೀಪ.

"ಕುಣಿಗಲ್ ಸ್ಟಡ್ ಫಾರಂದಾ ಈ ಕುದ್ರೆ, ಅಣ್ಣ?" ಎಂದೆ.

ನೌಕಾಪಡೆಯಿಂದ ನಿವೃತ್ತರಾದ ಅಂಗಡಿಯವರು ಸಿಲಿಂಡರ್ ಬದಲಿಸುತ್ತಲೇ ನಕ್ಕರು. "ನಮ್ ಯುದ್ಧದ ಹಡಗಿಂದು ಸಾರ್. ಕುದ್ರೆ ಅಂದ್ರೆ ವೇಗ, ಹಗ್ಗ ಅಂದ್ರೆ ಒಗ್ಗಟ್ಟು. ನನ್ ಹೆಂಡ್ತಿ ಇವ್ಳು, ಅದನ್ನ ದೇವ್ರು ಮಾಡ್ಬುಟ್ಟವ್ಳೆ."

"ನಿಮ್ಮನ್ನ ಜೀವಂತ ಕರ್ಕೊಂಡ್ ಬಂದಿದ್ದು ಅದೇ ಅಲ್ವಾ?" ಎಂದರು ಹೆಂಡತಿ.

ಅಷ್ಟರಲ್ಲಿ ಸಿಲಿಂಡರಿನಿಂದ ಗ್ಯಾಸು ಬುಸ್ಸೆಂದು ನುಗ್ಗಿತು. ಅಂಗಡಿಯವರು ಅದರ ಬಾಯನ್ನು ಅಂಗೈಯಿಂದ ಅದುಮಿ ಹಿಡಿದು ಹೆಂಡತಿಗೆ ಕಿರುಚಿದರು: "ದೀಪ ದೊಡ್ಡದ್ ಮಾಡೇ, ಬೇಗ!"

ದೀಪದ ಪಕ್ಕದಲ್ಲಿದ್ದ ತಮಿಳು ಲಾರಿ ಚಾಲಕ ಬತ್ತಿ ಹೆಚ್ಚಿಸಲು ಕೈ ಚಾಚಿದ. ದೀಪವನ್ನು 'ಆರಿಸು' ಎನ್ನುವುದು ಅಪಶಕುನವೆಂದು ನಮ್ಮಲ್ಲಿ 'ದೊಡ್ಡದು ಮಾಡು' ಎನ್ನುತ್ತಾರೆ; ಅದು ಅವನಿಗೇನು ಗೊತ್ತು? ನಾನು ಎದ್ದು ಅವನತ್ತ ಓಡಿದೆ. ನನಗಿಂತ ಮೊದಲೇ ಅಂಗಡಿಯವರ ಹೆಂಡತಿ ಅವನ ಕೈ ತಳ್ಳಿ, ಕುದುರೆಗೆ ಮುಡಿಸಿದ್ದ ಹೂವನ್ನು ಉರಿಯ ಮೇಲೆ ಒತ್ತಿದರು.

ಗ್ಯಾಸು ನಿಂತ ಮೇಲೆ ಚಾಲಕ ರೇಗಿದ: "ಆರ್ಸು ಅನ್ನಕ್ಕೆ ಆಗಲ್ವಾ ನಿಮ್ಗೆ?"

"ಅವಳ ಮುಂದೆ ಆ ಮಾತ್ಗೆ ಬಾಯೇ ಬರ್ನಿಲ್ಲ ಕಣಪ್ಪ," ಎಂದರು ಅಂಗಡಿಯವರು, ಮರದ ಕುದುರೆಯತ್ತ ನೋಡುತ್ತ.