ಕರೆಂಟು ನಿಮ್ಮದೇ, ಕಾಕಾ

ಮುಂಬೈ ಹತ್ತಿರದ ಕಲ್ಯಾಣದ ಆಸ್ಪತ್ರೆಯೊಂದರ ಇಸಿಜಿ ಕೋಣೆಯಲ್ಲಿ ನಾನು ಆಯಾ. ಎದೆನೋವೆಂದು ಬಂದ ಕಲಬುರಗಿಯ ಹಮಾಲಿ ಕಾಕಾ, ವೈರು ನೋಡಿದ್ದೇ ಎದ್ದು ಹೊರಟರು.

“ಕರೆಂಟ್ ಹೊಡೀತದ, ತಂಗಿ!”

“ಮಷಿನ್ ಕರೆಂಟ್ ಕೊಡಲ್ಲ, ಕಾಕಾ. ನಿಮ್ಮ ಎದಿಯೊಳಗಿನ ಕರೆಂಟಿನ ಸಿಗ್ನಲ್ ಬರಕೊಳ್ತದ, ಅಷ್ಟ. ಆ ಸಿಗ್ನಲ್ ಬಿದ್ದಕೂಡ್ಲೆ ಹೃದಯದ ಒಂದೊಂದು ಜೀವಕೋಶದೊಳಗ ಕ್ಯಾಲ್ಸಿಯಂ ನುಗ್ತದ, ಡೊಂಬಿವಲಿ ಸ್ಟೇಷನ್ನಾಗ ಜನ ಲೋಕಲ್ ಟ್ರೇನಿಗೆ ನುಗ್ಗಿದಂಗ. ಆಗ ಕೋಶ ಬಿಗೀತದ. ಕ್ಯಾಲ್ಸಿಯಂ ಇಳಿದ್ರ ಸಡಲಾಗ್ತದ. ಅದೇ ಬಡಿತ.”

“ನೀ ಡಾಕ್ಟರೇನು?”

“ಹತ್ತನೇ ಪಾಸು. ಡಾಕ್ಟರ್ ಹೇಳೋದು ಕೇಳ್ಲಾಕ ಕಿವಿ ನೆಟ್ಟಗದಾವ. ಮಲಗ್ರಿ, ನನ್ನ ಮೂರು ವರ್ಷದ ಮಗಳೂ ಇಷ್ಟು ಹೆದರಲ್ಲ.”

ಮಲಗಿದರು. ಇಸಿಜಿ ಪಟ್ಟಿ ನೋಡಿದ ಡಾಕ್ಟರ್ ಅವರನ್ನು ಮನೆಗೆ ಬಿಡದೆ ಅಡ್ಮಿಟ್ ಮಾಡಿಕೊಂಡರು.

ಬಿಡುಗಡೆಯ ದಿನ ಕಾಕಾ ಎದೆ ಮುಟ್ಟಿಕೊಂಡು, “ಗಾಡಿ ಟೈಮಿಗೆ ಓಡ್ಲಾಕತ್ತದ, ತಂಗಿ” ಎಂದರು.

“ಹಂಗಾದ್ರ ಅದು ನಮ್ಮ ಲೋಕಲ್ ಅಲ್ಲ ಬಿಡ್ರಿ” ಎಂದೆ.