ಫೋಟೋಗೆ ನಿಲ್ಲಿಸಿದ ಸೀಮೆ ಹಸು

ಕದಿರಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಊರೆಲ್ಲ ಹೇಳುತ್ತಿತ್ತು. ಇರಲಿ ಬಿಡಿ. ಆ ಸಿಟ್ಟು ಇನ್ನೂ ನಾಲ್ಕು ಜನಕ್ಕೆ ಇದ್ದಿದ್ದರೆ ಬೇತಮಂಗಲದ ಬಯಲಿನಲ್ಲಿ ಆ ದಿನ ಅಂಥ ಅನ್ಯಾಯ ನಡೆಯುತ್ತಿರಲಿಲ್ಲ.

ಬೇತಮಂಗಲದ ಪಕ್ಕದ ಹಳ್ಳಿಯವಳು ಆಕೆ. ಗಂಡ ಸೀನಪ್ಪ ಹೊಲ ನೋಡಿಕೊಂಡರೆ ಇವಳು ಬೆಳಗಿನ ಬಸ್ಸಿಗೆ ಚಿನ್ನದ ಗಣಿಯ ಮೈಸೂರು ಮೈನ್ಸಿನ ಕೂಲಿಗಳ ಲೈನು ಮನೆಗಳಿಗೆ ಹಾಲು ಒಯ್ಯುವಳು. ಅಲ್ಲಿನ ಹೆಂಗಸರ ಜೊತೆ ತಮಿಳಿನಲ್ಲಿ, ಕಂಡಕ್ಟರ್ ಜೊತೆ ತೆಲುಗಿನಲ್ಲಿ ಜಗಳ ಆಡುವಷ್ಟು ಭಾಷೆ ಕಲಿತಿದ್ದಳು. ಎಂಬತ್ತರ ದಶಕದ ಶುರುವಿನಲ್ಲಿ, ಸೀಮೆ ಹಸು ಕೊಂಡ ರೈತರಿಗೆ ಸರ್ಕಾರ ಸಬ್ಸಿಡಿ ಕೊಡುತ್ತದೆ ಎಂದಾಗ ಅವಳೂ ಓರಗಿತ್ತಿ ಅಕ್ಕಯ್ಯಮ್ಮನೂ ಕೈಯಿಂದ ದುಡ್ಡು ಹಾಕಿ ಒಂದೊಂದು ಹಸು ತಂದರು. ಹಸುಗಳು ಈದವು, ಸಬ್ಸಿಡಿ ಬರಲಿಲ್ಲ. ಕೊನೆಗೆ ಆಫೀಸಿನಿಂದ ಹೇಳಿ ಕಳಿಸಿದರು: ಮಂತ್ರಿಗಳು ಬೇತಮಂಗಲಕ್ಕೆ ಬರುತ್ತಾರೆ, ಹಸು ಹೊಡೆದುಕೊಂಡು ಬಂದವರಿಗೆ ಅಲ್ಲೇ ಚೆಕ್ಕು. ಬೆಳಿಗ್ಗೆ ಹಾಲು ಕರೆಯದೆ ತನ್ನಿ, ಫೋಟೋದಲ್ಲಿ ಕೆಚ್ಚಲು ತುಂಬಿ ಕಾಣಬೇಕು.

ಇದು ಸಂತೆಯ ದಲ್ಲಾಳಿಗಳ ಮೋಸ. ಹಾಲು ಕರೆಯದೆ ಬಿಟ್ಟು, ಕೆಚ್ಚಲು ಉಬ್ಬಿಸಿ, ಗೊಡ್ಡಿನಂಥ ಹಸುವನ್ನೂ ತಲೆಗೆ ಕಟ್ಟುತ್ತಾರೆ. ಹಾಗೆ ಮಾಡಿ ಸಿಕ್ಕಿಬಿದ್ದವನ ಮುಖಕ್ಕೆ ಜನ ಉಗಿಯುತ್ತಾರೆ. ಅದನ್ನೇ ಈಗ ಸರ್ಕಾರ ಮಾಡಿಸಿತು, ಶಾಮಿಯಾನ ಹಾಕಿ, ಮೈಕು ಕಟ್ಟಿ!

ಬೆಳಿಗ್ಗೆ ಬರಬೇಕಾಗಿದ್ದ ಮಂತ್ರಿ ಮಧ್ಯಾಹ್ನವಾದರೂ ಬರಲಿಲ್ಲ. ಶಾಮಿಯಾನದ ನೆರಳು ಆಫೀಸಿನ ಸಾಹೇಬರಿಗೆ, ಬಿಸಿಲು ಹಸುಗಳಿಗೆ. ಕದಿರಮ್ಮನ ಹಸು ಕಾಲು ಬದಲಿಸಿ ಬದಲಿಸಿ ನಿಲ್ಲುತ್ತಿತ್ತು. ಕೆಚ್ಚಲು ಕಲ್ಲಾಗಿ, ಹಾಲು ತಾನೇ ತೊಟ್ಟಿಕ್ಕುತ್ತಿತ್ತು.

“ಸಾಮಿ, ಆಲು ಕರ್ದುಬಿಡ್ತೀನಿ. ಇಲ್ದಿದ್ರೆ ಕೆಚ್ಚಲು ಬಾವು ಬತ್ತದೆ,” ಎಂದಳು ಕದಿರಮ್ಮ.

“ಮಂತ್ರಿಗಳು ಬರೋವರೆಗೂ ಯಾರೂ ಕರೆಯೋ ಹಾಗಿಲ್ಲ,” ಎಂದ ಸಾಹೇಬ. “ಕರೆದರೆ ನಿನ್ನ ಚೆಕ್ಕು ವಾಪಸ್ಸು.”

“ನಿನ್ ಚೆಕ್ಕಿಗೆ ಬೆಂಕಿ ಆಕ! ಆಲು ಕಟ್ಕಂಡ್ರೆ ಎದೆ ಎಂಗೆ ನೋಯ್ತದೆ ಅಂತ ಓಗಿ ನಿನ್ ಎಂಡ್ತೀನ ಕೇಳು!”

ಅಲ್ಲೇ ಕುಕ್ಕರಗಾಲಿನಲ್ಲಿ ಕೂತಳು. ಪಾತ್ರೆ ಇರಲಿಲ್ಲ, ನೆಲಕ್ಕೇ ಕರೆದಳು. ಒಂದು ತೊಟ್ಟು ಚೆಲ್ಲಿದರೂ ಮನೆಯವರನ್ನೆಲ್ಲ ಬೈಯುತ್ತಿದ್ದವಳು, ಅಷ್ಟು ಹಾಲು ಮಣ್ಣುಪಾಲಾಗುವುದನ್ನು ನೋಡಿ ಅತ್ತಳು. ಅಳುತ್ತಲೇ ಬೈದಳು.

“ಲೇ ಅಕ್ಕಯ್ಯಮ್ಮ, ನೀನೂ ಕರಿಯೇ!”

“ಬ್ಯಾಡ ಕಣಕ್ಕ. ದುಡ್ಡಿಲ್ದೆ ಮನೇಗೋದ್ರೆ ಅವ್ರು ನನ್ನ ಸುಮ್ನೆ ಬಿಡ್ತಾರಾ?” ಎಂದು ಅಕ್ಕಯ್ಯಮ್ಮ ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಹೊತ್ತು ಇಳಿದ ಮೇಲೆ ಮಂತ್ರಿ ಬಂದ. ಅಕ್ಕಯ್ಯಮ್ಮನ ಹಸುವಿಗೆ ಹಾರ, ಅವಳ ಕೈಗೆ ಚೆಕ್ಕು, ಮೂವರಿಗೂ ಸೇರಿಸಿ ಫೋಟೋ. ಕದಿರಮ್ಮನ ಹೆಸರು ಕೂಗಲೇ ಇಲ್ಲ, ಆಮೇಲೂ ಆ ಸಬ್ಸಿಡಿ ಬರಲಿಲ್ಲ. ಮಾರನೆಯ ದಿನ ಅಕ್ಕಯ್ಯಮ್ಮ ಕರೆಯಲು ಕೂತರೆ ಹಸು ಒದೆಯಿತು. ಬಂದದ್ದು ಹಾಲಲ್ಲ, ರಕ್ತ. ಚೆಕ್ಕಿನ ದುಡ್ಡು ಔಷಧಿಗೆ ಹೋಯಿತು. ಆದರೂ ಮೂರು ಮೊಲೆ ಬತ್ತಿದವು.

ಕೆಲವು ತಿಂಗಳಿಗೆ ಆ ಫೋಟೋ ಕಟ್ಟು ಹಾಕಿಸಿಕೊಂಡು ಊರಿನ ಡೇರಿಗೆ ಬಂತು. ಉಬ್ಬಿದ ಕೆಚ್ಚಲು, ಹಲ್ಲು ಕಿರಿದ ಮಂತ್ರಿ, ಪಕ್ಕದಲ್ಲಿ ತಲೆ ತಗ್ಗಿಸಿದ ಅಕ್ಕಯ್ಯಮ್ಮ. ಡೇರಿ ಸೆಕ್ರೆಟರಿ ಸೊಣ್ಣಪ್ಪ ಅದನ್ನು ಹಾಲು ಅಳೆಯುವ ಕಡೆಯೇ ನೇತುಹಾಕಿದ. ಸಂಜೆ ಹಾಲು ಹಾಕಲು ಬಂದ ಕದಿರಮ್ಮ ಕಂಡದ್ದು, ಆ ಫೋಟೋದ ಕೆಳಗೆ ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದ ಓರಗಿತ್ತಿಯನ್ನು.

ಕದಿರಮ್ಮ ಫೋಟೋ ಕಿತ್ತು ಹೊರಗಿನ ತಿಪ್ಪೆಗೆ ಎಸೆದಳು.

“ಅಕ್ಕ, ಅದು ಸರ್ಕಾರದ್ದು!” ಎಂದು ಸೊಣ್ಣಪ್ಪ ಕೂಗಿದ.

“ಸರ್ಕಾರ ಬಂದು ಇವಳ ಅಸು ಕರ್ದು ತೋರಿಸ್ಲಿ, ಆಮ್ಯಾಕೆ ನೇತಾಕುವಂತೆ. ಈಗ ಮದ್ಲು ಇವಳ ಆಲು ಅಳೆಯೋ.”

ಸೊಣ್ಣಪ್ಪ ಅಕ್ಕಯ್ಯಮ್ಮನ ಚೊಂಬು ಬಗ್ಗಿಸಿದ. ಅಳತೆಯ ಪಾತ್ರೆಯ ಅರ್ಧವೂ ತುಂಬಲಿಲ್ಲ.